ಎಚ್‌ಐವಿಯಿಂದಲೇ ಏಡ್ಸ್ ಬರುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇದೆಯಾ?

ಇದೆ. ಬ್ರಿಟನ್ನಿನ ಹಿಮೋಫಿಲಿಯಾ ರೋಗಿಗಳನ್ನೇ ನೋಡಿ. ಇವರಿಗೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ದಾನಿಗಳ ರಕ್ತದಿಂದ ತೆಗೆದ ಔಷಧಿ ಚುಚ್ಚಿಸಿಕೊಳ್ಳುತ್ತಿದ್ದರು. 1980ರ ಸುಮಾರಿಗೆ ಅದರಲ್ಲಿ ಎಚ್‌ಐವಿ ಸೇರಿಬಿಟ್ಟಿತ್ತು. ಕೆಲವರಿಗೆ ಸೋಂಕು ತಗುಲಿತು, ಕೆಲವರಿಗೆ ಇಲ್ಲ. ಮೂಲ ಕಾಯಿಲೆ ಮಾತ್ರ ಒಂದೇ. ಕಾಯಿಲೆ ತೀವ್ರವಾಗಿದ್ದವರಲ್ಲಿ 1990ರ ದಶಕದ ಆರಂಭಕ್ಕೆ, ಸೋಂಕಿಲ್ಲದ ಸಾವಿರ ಜನರಲ್ಲಿ ವರ್ಷಕ್ಕೆ ಸುಮಾರು 8 ಸಾವು. ಸೋಂಕಿದ್ದವರಲ್ಲಿ ಸುಮಾರು 80! ಏಡ್ಸ್‌ಗೆ ಎಚ್‌ಐವಿ ಅಲ್ಲ, ಮಾದಕ ವಸ್ತುಗಳೇ ಕಾರಣ ಎಂಬ ಅಮೆರಿಕದ ವಿಜ್ಞಾನಿ ಪೀಟರ್ ಡ್ಯೂಸ್‌ಬರ್ಗ್ ವಾದ ಇಲ್ಲೇ ಮುಗ್ಗರಿಸುತ್ತದೆ.

ಅನುಮಾನ ಸುಮ್ನೆ ಹುಟ್ಟಲಿಲ್ಲ. ಸೋಂಕು ತಗುಲಿ ಏಡ್ಸ್ ಕಾಣಿಸಲು ಎಂಟು-ಹತ್ತು ವರ್ಷ ಹಿಡಿಯಬಹುದು, ಸಂಬಂಧ ಕಣ್ಣಿಗೆ ಬೀಳುವುದಿಲ್ಲ ಅಲ್ವಾ? ಆದರೆ ದಕ್ಷಿಣ ಆಫ್ರಿಕಾದ ಅಂದಿನ ಅಧ್ಯಕ್ಷ ಥಾಬೊ ಎಂಬೆಕಿ ಇಂಥ ವಾದಕ್ಕೆ ಕಿವಿಗೊಟ್ಟರು. ಅವರ ಸರ್ಕಾರ ಎಚ್‌ಐವಿ ಔಷಧಿ ಕೊಡಲು ತಡಮಾಡಿದ್ದರಿಂದ 3 ಲಕ್ಷಕ್ಕೂ ಹೆಚ್ಚು ಜನ ಸತ್ತರು ಎಂದು 2008ರ ಹಾರ್ವರ್ಡ್ ಅಧ್ಯಯನದ ಅಂದಾಜು.