ಝಾಪ್ಫಿನೊ ಫಾಂಟ್‌ನಲ್ಲೇ ಇಡೀ ಆಮಂತ್ರಣ ಪತ್ರ ಮಾಡಬಹುದಾ?

ಬೇಡ. ಝಾಪ್ಫಿನೊ ಕೈಬರಹದ ಹಾಗೆ ಕಾಣುವ ಇಂಗ್ಲಿಷ್ ಫಾಂಟ್, ಅದನ್ನು ಹೆಸರುಗಳಿಗೆ ಮಾತ್ರ ಹಾಕಿ. ದಿನ, ಸಮಯ, ವಿಳಾಸವನ್ನು ಯಾವುದಾದರೂ ಸಾದಾ ಫಾಂಟ್‌ಗೆ ಬಿಡಿ.

ನಿಮಗೆ ಬಂದಿರುವ ಆಸೆ ನನಗೂ ಬಂದಿತ್ತು. ಇಂಗ್ಲಿಷ್‌ನಲ್ಲಿ ಒಂದು ಪುಟದ ಪತ್ರವನ್ನು ಪೂರ್ತಿ ಇದರಲ್ಲೇ ಹಾಕಿದೆ. ಮೇಲಿನ ಸಾಲಿನ ‘ವೈ’ ಬಾಲ ಕೆಳಗಿನ ಸಾಲಿನ ‘ಎಚ್’ ಕೊಂಬಿಗೆ ಸಿಕ್ಕಿಕೊಂಡಿತು. ಸಾಲುಗಳನ್ನು ದೂರ ಸರಿಸಿದೆ, ಪತ್ರ ಎರಡು ಪುಟಕ್ಕೆ ಹೋಯಿತು. ಓದಿದವರು ಚೆಂದ ಇದೆ ಅಂದರು, ಆಮೇಲೆ ಸಮಯ ಎಷ್ಟು ಗಂಟೆಗೆ ಅಂತ ಫೋನ್ ಮಾಡಿ ಕೇಳಿದರು!

ಅದು ಫಾಂಟ್‌ನ ತಪ್ಪಲ್ಲ. ಇದನ್ನು ಮಾಡಿದ ಹರ್ಮನ್ ಝಾಪ್ಫ್ ಜರ್ಮನಿಯವರು, ಮೊದಲಿಗೆ ಕೈಬರಹದ ಕಲಾವಿದರು. 1944ರಲ್ಲಿ ತಮ್ಮ ಸ್ಕೆಚ್‌ಬುಕ್‌ನ ಒಂದು ಪುಟದಲ್ಲಿ ಇಂಥ ಅಕ್ಷರಗಳನ್ನು ಬರೆದಿಟ್ಟಿದ್ದರು. ಸೀಸದ ಅಚ್ಚುಮೊಳೆಯ ಕಾಲ ಅದು. ಪ್ರತಿ ಅಕ್ಷರಕ್ಕೂ ಒಂದು ಚೌಕಟ್ಟು, ಇಷ್ಟುದ್ದ ಬಾಲ ಅದರೊಳಗೆ ಎಲ್ಲಿ ಹಿಡಿಸಬೇಕು? ಕಂಪ್ಯೂಟರ್ ಬಂದ ಮೇಲೆ, 1998ರಲ್ಲಿ ಫಾಂಟ್ ತಯಾರಿಸುವ ಲಿನೋಟೈಪ್ ಕಂಪನಿ ಅದನ್ನು ಝಾಪ್ಫಿನೊ ಎಂದು ಹೊರತಂದಿತು.

ಇದರ ನಿಜವಾದ ಗಮ್ಮತ್ತು ಬದಲಿ ರೂಪಗಳಲ್ಲಿದೆ. ಕೈಯಲ್ಲಿ ಬರೆಯುವಾಗ ಒಂದೇ ಅಕ್ಷರ ಎರಡು ಸಲ ಒಂದೇ ಥರ ಬರುವುದಿಲ್ಲ, ಅಲ್ವಾ? ಇಲ್ಲೂ ಒಂದು ಅಕ್ಷರಕ್ಕೆ ಹಲವು ರೂಪಗಳಿವೆ. ಮ್ಯಾಕ್‌ನಲ್ಲಿ ‘ಝಾಪ್ಫಿನೊ’ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ನೋಡಿ, ಇಡೀ ಪದವೇ ಕೂಡಿಕೊಂಡು ಒಂದು ಚಿತ್ರವಾಗುತ್ತದೆ. ಹೆಸರು ಟೈಪ್ ಮಾಡಿ ಸುಮ್ನೆ ಬಿಡಬೇಡಿ. ಸಾಫ್ಟ್‌ವೇರ್‌ನಲ್ಲಿ ಬದಲಿ ರೂಪಗಳ ಪಟ್ಟಿ ತೆರೆದು, ಮೊದಲ ಅಕ್ಷರಕ್ಕೋ ಕೊನೆಯದಕ್ಕೋ ಒಂದೇ ಒಂದು ಉದ್ದ ಬಾಲ ಕೊಡಿ. ಎಲ್ಲದಕ್ಕೂ ಕೊಟ್ಟರೆ ದಾರದುಂಡೆ ಸಿಕ್ಕಾದ ಹಾಗೆ ಕಾಣುತ್ತದೆ.

ಪೂರ್ತಿ ಕ್ಯಾಪಿಟಲ್ ಅಕ್ಷರಗಳಲ್ಲಿ ಮಾತ್ರ ಯಾವತ್ತೂ ಹಾಕಬೇಡಿ. ಕ್ಯಾಪಿಟಲ್‌ಗಳು ಪದದ ಮುಂದೆ ಒಂಟಿಯಾಗಿ ನಿಲ್ಲಲಿಕ್ಕೆ ಬರೆದವು, ಸಾಲಾಗಿ ನಿಲ್ಲಿಸಿದರೆ ಒಂದನ್ನೊಂದು ತಳ್ಳಾಡುತ್ತವೆ. ಚಿಕ್ಕ ಗಾತ್ರವೂ ಬೇಡ, ಕೂದಲೆಳೆಯಂಥ ಗೆರೆಗಳು ಮುದ್ರಣದಲ್ಲಿ ಮಾಯವಾಗುತ್ತವೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರವಾದರೆ ಇನ್ನೂ ಕಷ್ಟ, ಸುತ್ತಲ ಶಾಯಿ ಹರಡಿ ಗೆರೆಯನ್ನೇ ನುಂಗಿಬಿಡುತ್ತದೆ.

ತೀರಾ ಸಾಂಪ್ರದಾಯಿಕವಾಗಿ ಕಾಣಬೇಕು ಅಂತಿದ್ದರೆ ಫಾಂಟ್ ವಿನ್ಯಾಸಕ ಮ್ಯಾಥ್ಯೂ ಕಾರ್ಟರ್ ಅವರ ಸ್ನೆಲ್ ರೌಂಡ್‌ಹ್ಯಾಂಡ್ ಅನ್ನೋ ಫಾಂಟ್ ನೋಡಿ. ಹಳೇ ಇಂಗ್ಲಿಷ್ ಬರಹಗುರು ಚಾರ್ಲ್ಸ್ ಸ್ನೆಲ್ ಅವರ ಕೈಬರಹ ನೋಡಿ 1960ರ ದಶಕದಲ್ಲಿ ಮಾಡಿದ್ದು. ಕೆಳಗೆ ಎಳೆದ ಗೆರೆ ದಪ್ಪ, ಮೇಲೆ ಹೋಗುವ ಗೆರೆ ತೆಳು, ಅಕ್ಷರಗಳು ಕೈಹಿಡಿದು ನಡೆಯುತ್ತವೆ. ಅದರಲ್ಲಿ ಅಕ್ಷರಗಳ ನಡುವಿನ ಜಾಗ ಜಾಸ್ತಿ ಮಾಡಿದರೆ ಆ ಕೊಂಡಿಗಳೆಲ್ಲ ಕಳಚಿಕೊಳ್ಳುತ್ತವೆ, ಆ ಸೆಟ್ಟಿಂಗ್ ಮುಟ್ಟಲೇಬೇಡಿ.

ನಿಮ್ಮ ಕಾರ್ಡ್‌ಗೆ ನನ್ನ ಓಟು ಝಾಪ್ಫಿನೊಗೇ. ಎರಡು ಹೆಸರು, ಸುತ್ತ ಧಾರಾಳ ಖಾಲಿ ಜಾಗ. ಅಚ್ಚಿಗೆ ಕಳಿಸುವ ಮುಂಚೆ ಒಂದು ಪ್ರತಿ ನಿಜವಾದ ಅಳತೆಯಲ್ಲೇ ಪ್ರಿಂಟ್ ತೆಗೆದು, ಹೆಸರು ಗೊತ್ತಿಲ್ಲದ ಯಾರಿಗಾದರೂ ಓದಲು ಕೊಡಿ.