ಹೊಗಳಿಕೆ ಸಾಕು, ತೂಕ ಎಷ್ಟು ಹೇಳಿ

ಓದುಗರ ಪ್ರಶ್ನೆ – ನಮ್ಮ ಉತ್ತರ: ಏರೋಮಾಡೆಲಿಂಗ್

ಪ್ರಶ್ನೆ: 1400 ಮಿ.ಮೀ. ರೆಕ್ಕೆಯ ಒಂದೇ ಎಲೆಕ್ಟ್ರಿಕ್ ಟ್ರೇನರ್ (ಹಾರಿಸಲು ಕಲಿಯುವವರ ಮಾಡೆಲ್ ವಿಮಾನ) ಬಗ್ಗೆ ಎರಡು ಪತ್ರಿಕೆಗಳಲ್ಲಿ ರಿವ್ಯೂ ಓದಿದೆ. ಒಂದರಲ್ಲಿ ‘ತೇಲಿಕೊಂಡು ಇಳಿಯುತ್ತದೆ’ ಅಂತಿದೆ, ಇನ್ನೊಂದರಲ್ಲಿ ‘ಸ್ವಲ್ಪ ಭಾರ’ ಅಂತಿದೆ. ಯಾವುದನ್ನು ನಂಬಲಿ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ತಕ್ಕಡಿಗೆ ಇಟ್ಟು ನೋಡಿ ಬರೆದವರನ್ನು ನಂಬಿ. ಪೆಟ್ಟಿಗೆಯ ಮೇಲೆ 1300 ಗ್ರಾಂ ಅಂತ ಮುದ್ರಿಸಿರುತ್ತಾರೆ. ಅದು ಬ್ಯಾಟರಿ ಸೇರಿಸಿಯೋ ಬಿಟ್ಟೋ ಎಂಬುದನ್ನು ಹೇಳಿರುವುದಿಲ್ಲ. ಹಾರಲು ಸಿದ್ಧವಾದಾಗ ಅದೇ ಮಾಡೆಲ್ 1520 ಗ್ರಾಂ ತೂಗಿತು ಅಂದುಕೊಳ್ಳಿ. ರೆಕ್ಕೆಯ ವಿಸ್ತೀರ್ಣ 34 ಚದರ ಡೆಸಿಮೀಟರ್ ಇದ್ದರೆ, ಪ್ರತಿ ಚದರ ಡೆಸಿಮೀಟರಿನ ಹೊರೆ 38 ಗ್ರಾಂ ಇದ್ದದ್ದು ಸುಮಾರು 45ಕ್ಕೆ ಏರಿತು. ಸ್ಟಾಲ್ ವೇಗ (ಇದಕ್ಕಿಂತ ನಿಧಾನವಾದರೆ ರೆಕ್ಕೆ ಮಾಡೆಲನ್ನು ಎತ್ತಿಹಿಡಿಯುವುದಿಲ್ಲ) ತೂಕದ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ. ಹಾಗಾಗಿ ಇಳಿಯುವ ವೇಗ ಶೇ. 8ರಷ್ಟು ಹೆಚ್ಚು. ಡಾಂಬರು ರನ್‌ವೇಯಲ್ಲಿ ಇಳಿಸಿದವರಿಗೆ ಇದು ಅರಿವಿಗೇ ಬರುವುದಿಲ್ಲ. ಕುಯ್ಲಾದ ಗದ್ದೆಯಲ್ಲಿ, ಎದುರಿಗೆ ಬದು, ಅದರಾಚೆ ಅಡಿಕೆ ತೋಟ ಇರುವ ನಮಗೆ ಚೆನ್ನಾಗಿಯೇ ಬರುತ್ತದೆ. (ತೋಟದ ನೆತ್ತಿಯಲ್ಲಿ ಸಿಕ್ಕಿಕೊಂಡ ಮಾಡೆಲ್ ಇಳಿಸಲು ಕೊನೆಗಾರನನ್ನೇ ಕರೆಯಬೇಕು. ಆ ಖರ್ಚು ಯಾವ ರಿವ್ಯೂನಲ್ಲೂ ಇರುವುದಿಲ್ಲ.)

ಎರಡು ಪತ್ರಿಕೆಗಳಲ್ಲಿ ಒಂದು ಸುಳ್ಳು ಹೇಳಿರಬೇಕೆಂದೇನೂ ಇಲ್ಲ. ಒಬ್ಬರು 3 ಸೆಲ್ಲಿನ 2200 ಎಂಎಎಚ್ ಬ್ಯಾಟರಿ ಹಾಕಿ, ಇನ್ನೊಬ್ಬರು 3300 ಹಾಕಿದರೆ ಅಲ್ಲೇ 80–100 ಗ್ರಾಂ ವ್ಯತ್ಯಾಸ. ಅದನ್ನು ಬರೆಯದೆ ಬಿಟ್ಟದ್ದೇ ತಪ್ಪು.

‘ಶಕ್ತಿ ಧಾರಾಳ’ ಎಂಬ ಮಾತೂ ಇದೇ ಜಾತಿಯದು. ವಾಟ್‌ಮೀಟರ್ ಸಿಕ್ಕಿಸಿ, ಯಾವ ಪ್ರೊಪೆಲ್ಲರ್ ಎಂದು ಹೇಳಿ, ಪೂರ್ತಿ ಥ್ರಾಟಲ್‌ನಲ್ಲಿ 11 ವೋಲ್ಟ್, 28 ಆಂಪ್ ಎಂದು ಬರೆದರೆ ಓದುವವರಿಗೆ ಕೆಲಸಕ್ಕೆ ಬರುತ್ತದೆ. ಅದು 308 ವಾಟ್. 1520 ಗ್ರಾಂ ಮಾಡೆಲಿಗೆ ಕಿಲೋಗೆ ಸುಮಾರು 200 ವಾಟ್. ಟ್ರೇನರಿಗೆ 150–200 ಇದ್ದರೆ ಸಾಕು, ಹಾಗಾಗಿ ಮೋಟಾರ್ ಸರಿಯಾಗಿದೆ. ಆದರೆ ಪೆಟ್ಟಿಗೆಯಲ್ಲಿ ಕೊಟ್ಟಿರುವ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ) 30 ಆಂಪಿನದಾದರೆ ಉಳಿಯುವುದು ಬರೀ 2 ಆಂಪ್. ಗಾಳಿಯಾಡದ ಹೊಟ್ಟೆಯೊಳಗೆ, ಏಪ್ರಿಲ್ ಬಿಸಿಲಿನಲ್ಲಿ, ಅದು ಕಾದು ಮೋಟಾರನ್ನು ನಡುವೆಯೇ ನಿಲ್ಲಿಸಬಹುದು. 40 ಆಂಪಿನದು ಹಾಕಿಕೊಳ್ಳಿ. ಅಂಕಿ ಕೊಟ್ಟಿದ್ದರಿಂದಲೇ ಅಲ್ಲವೇ ಇಷ್ಟು ತಿಳಿದದ್ದು?

ಪ್ರಶ್ನೆ: ನಾವು ನಾಲ್ಕು ಜನ ಸ್ನೇಹಿತರು ಸೇರಿ ಅಂಥದೇ ಒಂದು ಎಆರ್‌ಎಫ್ (ಬಹುಪಾಲು ಸಿದ್ಧವಾಗಿಯೇ ಬರುವ ಮಾಡೆಲ್) ತರಿಸಿದ್ದೇವೆ. ರಿವ್ಯೂ ಬರೆದು ಪತ್ರಿಕೆಗೆ ಕಳಿಸುವ ಆಸೆ. ಎಲ್ಲಿಂದ ಶುರು ಮಾಡಬೇಕು, ಎಷ್ಟು ಸಲ ಹಾರಿಸಬೇಕು?
– ಓದುಗರು, ಸಾಗರ

ಉತ್ತರ: ಜೋಡಿಸುವ ಮೊದಲೇ ಅರ್ಧ ಕೆಲಸ ಇದೆ. ಎಡರೆಕ್ಕೆ, ಬಲರೆಕ್ಕೆ, ಹೊಟ್ಟೆ, ಬಾಲ ಬೇರೆಬೇರೆಯಾಗಿ ತೂಗಿ. ಸ್ಕ್ರೂಗಳನ್ನು ಎಣಿಸಿ. ಪ್ರತಿ ಹಿಂಜನ್ನೂ ಬೆರಳಿನಿಂದ ಹಿಡಿದು ಜಗ್ಗಿ. ಕಾರ್ಖಾನೆಯಲ್ಲಿ ಒಂದಕ್ಕೆ ಅಂಟು ತಪ್ಪಿರುವುದು ಅಪರೂಪವಲ್ಲ. ಆಮೇಲೆ ಟಾರ್ಚ್ ಹಿಡಿದು ಫೈರ್‌ವಾಲ್ ನೋಡಿ. ಮೋಟಾರ್ ಕೂರುವ ಆ ಪ್ಲೈವುಡ್ ಹಲಗೆಯ ಸುತ್ತ ಅಂಟಿನ ಗೆರೆ ಬಿಡದೆ ಓಡಿರಬೇಕು. ಇಲ್ಲದಿದ್ದರೆ ಒಳಮೂಲೆಗಳಿಗೆ ಬಾಲ್ಸಾ ಎಂಬ ಹಗುರ ಮರದ ತ್ರಿಕೋನ ಪಟ್ಟಿ ಇಟ್ಟು 30 ನಿಮಿಷದ ಎಪಾಕ್ಸಿ ಹಚ್ಚಿ. ಹಾರುತ್ತಿರುವಾಗ ಮೋಟಾರ್ ಕಿತ್ತುಹೋದರೆ ಮೂಗು ಹಗುರಾಗಿ ಭಾರವೆಲ್ಲ ಹಿಂದಕ್ಕೆ ಸರಿಯುತ್ತದೆ, ಮತ್ತೆ ಮಾಡೆಲ್ ಕೈಗೆ ಸಿಗುವುದಿಲ್ಲ.

ಮುಂದಿನದು ಸಿಜಿ, ಅಂದರೆ ಮಾಡೆಲ್ ಸಮತೂಗುವ ಗುರುತ್ವ ಕೇಂದ್ರ. 1400 ಮಿ.ಮೀ. ಉದ್ದ, 34 ಚದರ ಡೆಸಿಮೀಟರಿನ ರೆಕ್ಕೆಗೆ ಸರಾಸರಿ ಅಗಲ 243 ಮಿ.ಮೀ. ಸಾಮಾನ್ಯ ಬಾಲದ ಟ್ರೇನರಿಗೆ ಅದರ ಶೇ. 25ರಿಂದ 33, ಅಂದರೆ ರೆಕ್ಕೆ ಎಲ್ಲ ಕಡೆ ಒಂದೇ ಅಗಲ ಇದ್ದಾಗ ಮುಂದಿನ ಅಂಚಿನಿಂದ 61–80 ಮಿ.ಮೀ. ನಂಬಬಹುದಾದ ಜಾಗ. ಕೈಪಿಡಿ 95 ಅಂದರೆ ಅಚ್ಚಿನ ತಪ್ಪಿರಬಹುದು. ಹಾಗೇ ಹಾರಿಸಬೇಡಿ, ತಪ್ಪನ್ನು ರಿವ್ಯೂನಲ್ಲಿ ಬರೆಯಿರಿ. ಶುರುವಿಗೆ ಎಷ್ಟಿಟ್ಟಿರಿ, ಹತ್ತು ಹಾರಾಟದ ಮೇಲೆ ಎಲ್ಲಿಗೆ ತಂದಿರಿ, ಬ್ಯಾಟರಿ ಸರಿಸಿದ್ದಷ್ಟೇ ಸಾಕಾಯಿತೋ ಸೀಸ ಇಡಬೇಕಾಯಿತೋ, ಇಟ್ಟರೆ ಎಷ್ಟು ಗ್ರಾಂ, ಇವೆಲ್ಲ ಬೇಕು. ಎಲಿವೇಟರ್ (ಮೂಗು ಏರಿಸಿ ಇಳಿಸುವ ಬಾಲದ ಪಟ್ಟಿ), ಏಲರಾನ್ (ಮಾಡೆಲನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಪಟ್ಟಿ) ಚಲನೆಯನ್ನು ಹಿಂದಿನ ಅಂಚಿನಲ್ಲಿ ಸ್ಕೇಲ್ ಹಿಡಿದು ಮಿಲಿಮೀಟರಿನಲ್ಲಿ ಕೊಡಿ. ರೇಡಿಯೊದ ಶೇಕಡಾ ಬರೆದರೆ ಪ್ರಯೋಜನವಿಲ್ಲ. ಸರ್ವೊ (ಈ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರ್) ತೋಳಿನ ಯಾವ ತೂತಿಗೆ ಕಡ್ಡಿ ಸಿಕ್ಕಿಸಿದಿರಿ ಎಂಬುದರ ಮೇಲೆ ಅದು ಬದಲಾಗುತ್ತದೆ.

ಹಾರಾಟ ಕನಿಷ್ಠ ಹತ್ತು. ಎರಡು ಮೂರು ಬೆಳಗಿನ ನಿಶ್ಚಲ ಗಾಳಿಯಲ್ಲಿ, ಉಳಿದವು ಮಧ್ಯಾಹ್ನದ ಬೀಸುಗಾಳಿಯಲ್ಲಿ. ಮೇಲೆ ಹೋಗಿ ಥ್ರಾಟಲ್ ಇಳಿಸಿ, ಎಲಿವೇಟರ್ ನಿಧಾನಕ್ಕೆ ಎಳೆಯಿರಿ: ಮೂಗು ನೆಟ್ಟಗೆ ಬಿತ್ತೋ, ಒಂದು ರೆಕ್ಕೆ ವಾಲಿತೋ, ಸರಿಯಾಗಲು ಎಷ್ಟು ಎತ್ತರ ತಿಂದಿತು? ಹತ್ತು ಹಾರಾಟ ಮುಗಿದ ಮೇಲೆ ಮತ್ತೆ ಎಲ್ಲವನ್ನೂ ಬಿಚ್ಚಿ ನೋಡಿ. ಯಾವ ಸ್ಕ್ರೂ ಸಡಿಲವಾಗಿದೆ, ಮೈಗೆ ಹೊದಿಸಿದ ಪ್ಲಾಸ್ಟಿಕ್ ಫಿಲ್ಮ್ ಎಲ್ಲಿ ಎದ್ದಿದೆ, ಲ್ಯಾಂಡಿಂಗ್ ಗೇರಿನ ತಂತಿ ಹಿಂದಕ್ಕೆ ಬಾಗಿದೆಯೇ? 50 ಮಿ.ಮೀ. ಚಕ್ರ ಗದ್ದೆಯ ಕೂಳೆಯಲ್ಲಿ ಸಿಕ್ಕಿ ಮಾಡೆಲ್ ಮುಗ್ಗರಿಸುತ್ತದೆ. 75ರದು ಹಾಕಲು ಜಾಗ ಇದೆಯೇ ಎಂದೂ ಹೇಳಿ. ಹೊಸ ಮಾಡೆಲಿನ ಹೊಳಪಿನ ಫೋಟೊ ಎಲ್ಲರೂ ಹಾಕುತ್ತಾರೆ. ಹನ್ನೊಂದನೆಯ ಹಾರಾಟದ ಮೊದಲಿನ ಈ ಪ್ಯಾರಾ ಬರೆಯುವವರು ಕಡಿಮೆ.

ಪ್ರಶ್ನೆ: ಆಗಸ್ಟ್‌ನಲ್ಲಿ ಫಿಲ್ಮ್ ಹಾಕಿದ ಬಾಲ್ಸಾ ರೆಕ್ಕೆ ಬಿಗಿಯಾಗಿಯೇ ಇತ್ತು, ಫೆಬ್ರವರಿಗೆ ಸುಕ್ಕುಗಟ್ಟಿತು. ಫಿಲ್ಮ್ ಕಳಪೆಯೇ? ರಿವ್ಯೂನಲ್ಲಿ ಈ ಸುದ್ದಿಯೇ ಇಲ್ಲ.
– ಓದುಗರೊಬ್ಬರು, ಹೊಸನಗರ

ಉತ್ತರ: ಫಿಲ್ಮಿನ ಮೇಲೆ ತಪ್ಪು ಹೊರಿಸಬೇಡಿ. ಮಳೆಗಾಲದಲ್ಲಿ ಬಾಲ್ಸಾ ತೇವ ಕುಡಿದು ಉಬ್ಬಿರುತ್ತದೆ. ಒಣಹವೆ ಬಂದಾಗ ಮರ ಕುಗ್ಗುತ್ತದೆ, ಮೇಲಿನ ಫಿಲ್ಮ್ ಅದರ ಜೊತೆ ಕುಗ್ಗುವುದಿಲ್ಲ. ಇಸ್ತ್ರಿಯನ್ನು ಕಡಿಮೆ ಬಿಸಿಯಿಂದ ಶುರು ಮಾಡಿ, ಮೊದಲು ತುಂಡು ಫಿಲ್ಮಿನ ಮೇಲೆ ನೋಡಿಕೊಂಡು, ಮತ್ತೆ ಬಿಗಿಗೊಳಿಸಿ. ಒಂದೇ ಮೈಯನ್ನು ಕಾಯಿಸಿದರೆ ರೆಕ್ಕೆ ತಿರುಚುತ್ತದೆ. ಮುಗಿದ ಮೇಲೆ ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಿ. ಅದೇ ತೇವದ ಹವೆಯಲ್ಲಿ ಸೂಪರ್ ಗ್ಲೂ ಬೇಗ ಹಿಡಿಯುತ್ತದೆ, ತೆರೆದ ಬಾಟಲಿಯೊಳಗೂ ಬೇಗ ಗಟ್ಟಿಯಾಗುತ್ತದೆ. ಫ್ರಿಜ್‌ನಲ್ಲಿಟ್ಟಿದ್ದರೆ ಹೊರಗಿನ ಬಿಸಿಗೆ ಬಂದ ಮೇಲೆಯೇ ಮುಚ್ಚಳ ತೆರೆಯಿರಿ, ಇಲ್ಲವಾದರೆ ಒಳಗೆ ನೀರು ಕಟ್ಟುತ್ತದೆ. ತೇವ ಕುಡಿದ ಮರದ ತೂಕವೂ ಹೆಚ್ಚು, ಹಾಗಾಗಿ ಮಲೆನಾಡಿನಲ್ಲಿ ರಿವ್ಯೂ ಬರೆಯುವವರು ತೂಗಿದ ತಿಂಗಳನ್ನೂ ಬರೆದರೆ ಒಳ್ಳೆಯದು.

ಪ್ರಶ್ನೆ: ಕಂಪನಿ ಪುಕ್ಕಟೆ ಕೊಟ್ಟ ಮಾಡೆಲಿಗೆ ಪತ್ರಿಕೆ ನಿಜ ಬರೆಯುತ್ತದೆಯೇ? ಎದುರು ಪುಟದಲ್ಲಿ ಅದೇ ಕಂಪನಿಯ ಜಾಹೀರಾತು ಇರುತ್ತದಲ್ಲ!
– ಓದುಗರೊಬ್ಬರು, ಭದ್ರಾವತಿ

ಉತ್ತರ: ಪುಕ್ಕಟೆ ಬಂದದ್ದೆಂದು ಮೊದಲ ಪ್ಯಾರಾದಲ್ಲೇ ಹೇಳಿದ್ದರೆ ಸಾಕು. ಅಳತೆಗೆ ಜಾಹೀರಾತು ಅಡ್ಡ ಬರುವುದಿಲ್ಲ, ನೀವೂ ಅದೇ ಮಾಡೆಲ್ ತೂಗಿ ನೋಡಬಹುದು. 1935ರಲ್ಲಿ ಶುರುವಾದ ಬ್ರಿಟನ್ನಿನ ‘ಏರೋಮಾಡೆಲರ್’ ಪತ್ರಿಕೆಯ ಹಳೆಯ ಎಂಜಿನ್ ಪರೀಕ್ಷೆಗಳಲ್ಲಿ ಯಾವ ಪ್ರೊಪೆಲ್ಲರಿಗೆ ಎಷ್ಟು ಆರ್‌ಪಿಎಂ ಎಂಬ ಪಟ್ಟಿಯೇ ಇರುತ್ತಿತ್ತು. ಒಂದೇ ಒಂದು ಕುಂದನ್ನೂ ಹೇಳದ ರಿವ್ಯೂ ಸಿಕ್ಕರೆ ಮಾತ್ರ ಅದನ್ನು ಜಾಹೀರಾತೆಂದೇ ಓದಿ.

ಪ್ರಶ್ನೆ: ಶಿವಮೊಗ್ಗದ ಸುತ್ತ ಮಾಡೆಲ್ ಪರೀಕ್ಷಿಸಲು ಈಗ ತೊಂದರೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸೋಗಾನೆಯ ವಿಮಾನ ನಿಲ್ದಾಣ 2023ರಲ್ಲಿ ತೆರೆದ ಮೇಲೆ ಜಾಗ ನೋಡಿಕೊಂಡೇ ಹಾರಿಸಬೇಕು. 2021ರ ಡ್ರೋನ್ ನಿಯಮಗಳ ಪ್ರಕಾರ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿ ಎತ್ತರದವರೆಗೆ ಮಾತ್ರ ಹಸಿರು ವಲಯ, ಅಂದರೆ ಅನುಮತಿ ಬೇಡದ ಜಾಗ. ಅದಕ್ಕಿಂತ ಹತ್ತಿರ ಅನುಮತಿ ಇಲ್ಲದೆ ಹಾರಿಸಬೇಡಿ. ಗದ್ದೆ ಯಾರದೆಂದು ಕೇಳುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಆ ಗದ್ದೆ ಯಾವ ಬಣ್ಣದಲ್ಲಿದೆ ನೋಡಿಕೊಳ್ಳಿ.