ಮಾವಿನ ಬಲೆಗೆ ಹಾಗಲದ ನೊಣ ಬೀಳಲ್ಲ

ಹೊಸನಗರದ ಹಿತ್ತಲಲ್ಲಿ ಹಾಗಲ, ಹೀರೆ ಎಳೆಯದರಲ್ಲೇ ಹಳದಿಯಾಗಿ ಉದುರುತ್ತಿವೆ, ಮಾವಿನ ಹಣ್ಣುನೊಣಕ್ಕೆ ತಂದ ಮೋಹಕ ಬಲೆ (ವಾಸನೆಗೆ ನೊಣವನ್ನು ಸೆಳೆದು ಹಿಡಿಯುವಂಥದ್ದು) ಕಟ್ಟಿದರೂ ಹುಳ ನಿಂತಿಲ್ಲ ಅಂತ ಕೇಳಿದ್ದೀರಿ. ಬಲೆ ಕೆಟ್ಟಿಲ್ಲ, ಒಳಗಿಡುವ ನೊಣ ಸೆಳೆಯುವ ಔಷಧಿ ಒಂದೊಂದು ನೊಣಕ್ಕೆ ಬೇರೆ. ಮಾವಿನ ನೊಣಕ್ಕೆ ಮೀಥೈಲ್ ಯುಜೆನಾಲ್. ಬಳ್ಳಿ ತರಕಾರಿಯ ನೊಣಕ್ಕೆ ಕ್ಯೂ ಲೂರ್ ಬೇಕು. ಅಂಗಡಿಯಲ್ಲಿ ಹೆಸರು ಹೇಳಿಯೇ ಕೇಳಿ.

ಆದರೆ ಅದಕ್ಕೆ ಬೀಳುವುದೂ ಗಂಡು ನೊಣ ಮಾತ್ರ. ಮೊಟ್ಟೆ ಇಡುವ ಹೆಣ್ಣು ಹೊರಗೇ ಇರುತ್ತದೆ. ಹಾಗಾಗಿ ನನ್ನ ಪ್ರಕಾರ ದೊಡ್ಡ ಕೆಲಸ ಇರುವುದು ಚಪ್ಪರದ ಕೆಳಗೆ. ಉದುರಿದ ಕಾಯಿ ಒಂದನ್ನು ಸೀಳಿ ನೋಡಿ, ಅಕ್ಕಿಕಾಳಿನಂಥ ಬಿಳಿ ಹುಳ ಮಿಜಿಮಿಜಿ ಅನ್ನುತ್ತಿರುತ್ತವೆ. ಅವು ಮಣ್ಣಿಗಿಳಿದು ಕೋಶ ಕಟ್ಟಿ, ಮತ್ತೆ ನೊಣವಾಗಿ ಬರುತ್ತವೆ. ದಯವಿಟ್ಟು ಅಂಥ ಕಾಯಿಯನ್ನು ಗೊಬ್ಬರಗುಂಡಿಗೆ ಎಸೆಯಬೇಡಿ. ದಿನಾ ಹೆಕ್ಕಿ, ದಪ್ಪ ಪ್ಲಾಸ್ಟಿಕ್ ಕೊಟ್ಟೆಗೆ ತುಂಬಿ, ಬಾಯಿ ಬಿಗಿದು ಬಿಸಿಲಿಗಿಡಿ. ಮಳೆಗಾಲದಲ್ಲಿ ನಮ್ಮ ಕಡೆ ಬಿಸಿಲೆಲ್ಲಿ ಅಲ್ವಾ, ಆಗ ಎರಡಡಿ ಆಳಕ್ಕೆ ಹೂತು ಮಣ್ಣು ತುಳಿದುಬಿಡಿ.

ಮನೆ ಖರ್ಚಿನ ನಾಲ್ಕು ಬಳ್ಳಿಯಾದರೆ, ಹೂ ಬಾಡಿದ ಕೂಡಲೇ ಕಾಯಿಗೆ ಹಳೇ ಪಂಚೆಯ ಚೀಲ ಕಟ್ಟಿ. ಪೇಪರ್ ಮಳೆಗೆ ನಿಲ್ಲಲ್ಲ.

ನೊಣ ಚುಚ್ಚಿದ ಕಡೆ ಸಣ್ಣ ಅಂಟು ಹನಿ ಕಾಣುತ್ತದೆ. ಕಾಯಿ ಗಟ್ಟಿ ಇದ್ದರೆ ಸುಮ್ನೆ ಎಸೆಯಬೇಡಿ. ಅವತ್ತೇ ಕೊಯ್ದು, ಆ ಭಾಗ ಕೆತ್ತಿ ತೆಗೆದು, ಉಳಿದದ್ದನ್ನು ಗೊಜ್ಜು ಮಾಡಿ. ಎರಡು ದಿನ ಬಿಟ್ಟರೆ ಮೊಟ್ಟೆ ಒಡೆದು ಪೂರ್ತಿ ಹಾಳು.